ಕ್ಲೋಸರ್ ಹಾಕಿದ್ರೆ ಸಾಕಾ? ಫ್ಲ್ಯಾಟಿಗೆ ಫೈರ್ ಡೋರ್ ಕೂರಿಸುವ ಮುಂಚೆ

ಪ್ರಶ್ನೆ: ನಾವು ಮುಂಬೈಯ ಮುಲುಂಡ್‌ನಲ್ಲಿ 14ನೇ ಮಹಡಿಯಲ್ಲಿದ್ದೇವೆ. ಸೊಸೈಟಿಯಲ್ಲಿ ಫೈರ್ ಆಡಿಟ್ ಆಯಿತು. ಮೆಟ್ಟಿಲಿನ ಬಾಗಿಲುಗಳಷ್ಟೇ ಅಲ್ಲ, ಪ್ರತಿ ಫ್ಲ್ಯಾಟಿನ ಮುಖ್ಯ ಬಾಗಿಲೂ ತಾನಾಗಿ ಮುಚ್ಚಿಕೊಳ್ಳುವ ಫೈರ್ ಡೋರ್ (ಬೆಂಕಿ, ಹೊಗೆ ತಡೆಯುವ ಬಾಗಿಲು) ಆಗಿರಬೇಕು ಅಂದಿದ್ದಾರೆ. ಕಮಿಟಿಯಲ್ಲಿ ಕೆಲವರು, ಇರುವ ಬಾಗಿಲಿಗೇ ಒಂದು ಕ್ಲೋಸರ್ (ತೆರೆದ ಬಾಗಿಲನ್ನು ತಾನಾಗಿ ಎಳೆದು ಮುಚ್ಚುವ ಸಾಧನ) ಹಾಕಿದ್ರೆ ಆಯ್ತು ಅಂತಾರೆ. ನಮ್ಮ ಬಾಗಿಲು ಕುಂದಾಪುರದಲ್ಲಿ ಮಾಡಿಸಿ ತಂದ ಸಾಗುವಾನಿಯದು, ತೆಗೆಸಲು ಮನಸ್ಸಿಲ್ಲ. ಅತ್ತೆ ವಾಕರ್ ಹಿಡಿದು ಓಡಾಡುತ್ತಾರೆ, ಬಾಗಿಲು ಬಂದು ಬಡಿದರೆ ಅನ್ನೋ ಭಯ. ಕಸ ಇಡಲು ಹೊರಗೆ ಹೋದಾಗ ಬಾಗಿಲು ಹಾಕಿಕೊಂಡರೆ ಏನು ಗತಿ ಅನ್ನೋದು ಇನ್ನೊಂದು ಭಯ. ಅಡುಗೆಮನೆಯ ಬಾಗಿಲನ್ನು ಮನೆ ರಿಪೇರಿ ಸಮಯದಲ್ಲೇ ತೆಗೆಸಿಬಿಟ್ಟಿದ್ದೇವೆ. ಏನು ಮಾಡಬೇಕು?

ಉತ್ತರ: ಮೊದಲು ಒಂದು ಕಾಗದ ಹುಡುಕಿ. ನಿಮ್ಮ ಕಟ್ಟಡಕ್ಕೆ ಮುಂಬೈ ಅಗ್ನಿಶಾಮಕ ದಳ ಕೊಟ್ಟ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ. ಸೆಕ್ರೆಟರಿಯ ಕಪಾಟಿನಲ್ಲಿ, ಕನ್ವೇಯನ್ಸ್ (ಆಸ್ತಿ ವರ್ಗಾವಣೆ) ಕಾಗದಗಳ ನಡುವೆ ಎಲ್ಲೋ ಇರುತ್ತದೆ. ಇಲ್ಲದಿದ್ದರೆ ಪಾಲಿಕೆಯ ಕಡತದಿಂದ ನಕಲು ತೆಗೆಸಬಹುದು. ಆಡಿಟ್ ಮಾಡಿದವರು ಏನಂದರು, ಪಕ್ಕದ ಸೊಸೈಟಿಯವರು ಏನು ಮಾಡಿದರು ಅನ್ನೋದೆಲ್ಲ ಆಮೇಲೆ. ಮುಂಬೈಯ ಎತ್ತರದ ವಸತಿ ಕಟ್ಟಡಗಳ ಎನ್‌ಒಸಿಗಳಲ್ಲಿ ಸಾಮಾನ್ಯವಾಗಿ ಒಂದು ಸಾಲು ಇದ್ದೇ ಇರುತ್ತದೆ: ಫ್ಲ್ಯಾಟಿನ ಮುಖ್ಯ ಬಾಗಿಲು ಮತ್ತು ಅಡುಗೆಮನೆಯ ಬಾಗಿಲು ಗಟ್ಟಿ ತಿರುಳಿನದಾಗಿರಬೇಕು, ಕನಿಷ್ಠ 1 ಗಂಟೆ ಬೆಂಕಿ ತಡೆಯಬೇಕು, ಅಂದರೆ 45 ಮಿಲಿಮೀಟರ್ ದಪ್ಪದ ಗಟ್ಟಿ ಮರ. ಮೆಟ್ಟಿಲಿನ ಬಾಗಿಲು ತಾನಾಗಿ ಮುಚ್ಚಬೇಕು ಅನ್ನೋದು ಬೇರೆ ಸಾಲು. ಈ ಎರಡನ್ನೂ ಓದಿ, ನಿಮ್ಮ ಕಟ್ಟಡಕ್ಕೆ ಏನು ಬರೆದಿದ್ದಾರೆ ಅಂತ ನೋಡಿ, ಆಮೇಲೆ ಕಮಿಟಿಯಲ್ಲಿ ಮಾತಾಡಿ. ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ನಿಮ್ಮ ಆಡಿಟ್‌ನವರೂ ಸರಿ, ಕಮಿಟಿಯವರೂ ಸ್ವಲ್ಪ ಮಟ್ಟಿಗೆ ಸರಿ. ಫ್ಲ್ಯಾಟಿನ ಬಾಗಿಲು ತಾನಾಗಿ ಮುಚ್ಚಿಕೊಳ್ಳಬೇಕು ಅಂತ ನಿಮ್ಮ ಎನ್‌ಒಸಿಯಲ್ಲಿ ಬರೆದಿರಲಿ, ಬಿಡಲಿ, ನನ್ನನ್ನು ಕೇಳಿದರೆ ಹಾಕಿಸಿ ಅಂತಲೇ ಹೇಳುತ್ತೇನೆ. ಯಾಕೆ ಗೊತ್ತಾ? ಮನೆಗೆ ಬೆಂಕಿ ಬಿದ್ದಾಗ ಯಾರೂ ಬಾಗಿಲು ಎಳೆದುಕೊಂಡು ಹೋಗುವುದಿಲ್ಲ. ಮಕ್ಕಳನ್ನು ಎತ್ತಿಕೊಂಡು, ಅತ್ತೆಯ ಕೈ ಹಿಡಿದುಕೊಂಡು ಓಡುತ್ತಾರೆ. ಹಿಂದೆ ಬಾಗಿಲು ಹಾಗೇ ತೆರೆದಿರುತ್ತದೆ. ಆ ತೆರೆದ ಬಾಗಿಲಿಂದ ಹೊಗೆ ಲಾಬಿಗೆ ಬಂದು, ಅಲ್ಲಿಂದ ಮೆಟ್ಟಿಲಿಗೆ ನುಗ್ಗಿ, ಮೇಲಿನ ಮಹಡಿಯವರ ದಾರಿ ಕಟ್ಟುತ್ತದೆ. ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 2017ರ ಜೂನ್ 14ರಂದು 72 ಜನ ಸತ್ತರು. ಬೆಂಕಿ ಹಬ್ಬಿದ್ದು ಹೊರಗೋಡೆಯ ಹೊದಿಕೆಯಿಂದ. ಆದರೆ ಒಳಗಿನ ಲಾಬಿಗಳಲ್ಲಿ ಹೊಗೆ ತುಂಬಲು ಒಂದು ಕಾರಣ, ಎಷ್ಟೋ ಫ್ಲ್ಯಾಟುಗಳ ಬಾಗಿಲಿಗೆ ಕ್ಲೋಸರ್ ಇರಲಿಲ್ಲ, ಇದ್ದರೂ ಕೆಲಸ ಮಾಡುತ್ತಿರಲಿಲ್ಲ. ಆಮೇಲೆ ಇಂಗ್ಲೆಂಡಿನಲ್ಲಿ 11 ಮೀಟರಿಗಿಂತ ಎತ್ತರದ ವಸತಿ ಕಟ್ಟಡಗಳಲ್ಲಿ ಫ್ಲ್ಯಾಟಿನ ಬಾಗಿಲುಗಳನ್ನು ವರ್ಷಕ್ಕೊಮ್ಮೆ, ಸಾಮಾನ್ಯ ಜಾಗದ ಬಾಗಿಲುಗಳನ್ನು ಮೂರು ತಿಂಗಳಿಗೊಮ್ಮೆ ಪರೀಕ್ಷಿಸಬೇಕು ಅಂತ ನಿಯಮವೇ ಬಂತು. ನಮ್ಮಲ್ಲೂ ಪಾಠ ಕಡಿಮೆ ಇಲ್ಲ. 2023ರ ಅಕ್ಟೋಬರ್‌ನಲ್ಲಿ ಗೋರೆಗಾಂವ್‌ನ ಏಳು ಮಹಡಿಯ ಕಟ್ಟಡದಲ್ಲಿ ಬೆಂಕಿ ಹತ್ತಿದ್ದು ಕೆಳಗೆ, ಪಾರ್ಕಿಂಗ್‌ನಲ್ಲಿ. ಮೇಲಿನವರನ್ನು ಸಿಕ್ಕಿಸಿದ್ದು ಹೊಗೆ.

ಇನ್ನು ನಿಮ್ಮ ಸಾಗುವಾನಿ ಬಾಗಿಲು. ಇದನ್ನು ಒಂದು ಟೇಪ್ ಹಿಡಿದು ನೀವೇ ನೋಡಬಹುದು. ಊರಿನ ಬಡಗಿಗಳು ಮಾಡುವ ಹಲಗೆ ಬಾಗಿಲಿನಲ್ಲಿ ಸುತ್ತಲಿನ ಪಟ್ಟಿಗಳು ದಪ್ಪ, ನಡುವಿನ ಹಲಗೆ ತೆಳು. ಪಟ್ಟಿ 45 ಮಿಲಿಮೀಟರ್ ಇದ್ದರೂ ಕೆತ್ತನೆ ಮಾಡಿದ ಹಲಗೆ 15 ಮಿಲಿಮೀಟರ್ ಆಸುಪಾಸು ಇರುವುದೇ ಜಾಸ್ತಿ, ಪಟ್ಟಿಯ ತೋಡಿನೊಳಗೆ ಕೂರಿಸುವ ಅಂಚಿನಲ್ಲಿ ಇನ್ನೂ ಕಡಿಮೆ. ಗಟ್ಟಿ ಮರ ನಿಮಿಷಕ್ಕೆ ಸುಮಾರು ಅರ್ಧ ಮಿಲಿಮೀಟರಿನಷ್ಟು ಇದ್ದಿಲಾಗುತ್ತಾ ಹೋಗುತ್ತದೆ. ಲೆಕ್ಕ ನೀವೇ ಹಾಕಿ: ದಪ್ಪ ಪಟ್ಟಿ ಗಂಟೆ ತಡೆಯಬಹುದು, ತೆಳು ಹಲಗೆ ಅರ್ಧ ಗಂಟೆಗೇ ತೂತು ಬೀಳುತ್ತದೆ. ಬೆಂಕಿಗೆ ಅಷ್ಟು ದಾರಿ ಸಾಕು. ನಿಮ್ಮ ಬಾಗಿಲು ಇಡೀ 45 ಮಿಲಿಮೀಟರ್ ಸಪಾಟು ಗಟ್ಟಿ ಮರವಾಗಿದ್ದರೆ, ಅಥವಾ ಕೆತ್ತನೆ ಮೇಲೆ ಅಂಟಿಸಿದ್ದಾದರೆ, ಉಳಿಸಿಕೊಳ್ಳುವ ಮಾತಾಡಬಹುದು. ತೆಳು ಹಲಗೆಯದಾಗಿದ್ದರೆ ಅದನ್ನು ಒಳಗಿನ ಕೋಣೆಗೋ ದೇವರ ಮನೆಗೋ ಹಾಕಿಸಿ. ಮುಖ್ಯ ಬಾಗಿಲಿಗೆ ಬೇಡ. ಬೆಂಕಿ ತಡೆಯುವ ಪೇಂಟ್ ಬಳಿದರೆ ಆಗುತ್ತದೆ ಅಂತ ಅಂಗಡಿಯವರು ಹೇಳಬಹುದು. ಬಾಗಿಲಿಗೆ ಸುಮ್ನೆ ಪೇಂಟ್ ಬಳಿದ ಮಾತ್ರಕ್ಕೆ ಅದು 1 ಗಂಟೆಯ ಬಾಗಿಲಾಗುವುದಿಲ್ಲ. ಬಿಲ್ಡರ್ ಕೊಟ್ಟ ಫ್ಲಶ್ ಡೋರ್ (ಎರಡೂ ಮುಖ ಸಪಾಟಾದ ಬಾಗಿಲು) ಇರುವ ಮನೆಗಳವರು ಬೆರಳ ಗೆಣ್ಣಿನಿಂದ ತಟ್ಟಿ ನೋಡಲಿ. ಡಬ್ಬದ ಸದ್ದು ಬಂದರೆ ಒಳಗೆ ಪೊಳ್ಳು. ಅಂಥದಕ್ಕೆ ಕ್ಲೋಸರ್ ಹಾಕುವುದು ಹೊಗೆಗೆ ಸ್ವಲ್ಪ ತಡೆ, ಬೆಂಕಿಗೆ ಅಲ್ಲ.

ಹೊಸದು ಕೊಳ್ಳುವುದಾದರೆ ಒಂದು ವಿಷಯ ಗಟ್ಟಿಯಾಗಿ ನೆನಪಿಡಿ. ಫೈರ್ ಡೋರ್ ಅಂದರೆ ಬರೀ ಬಾಗಿಲಲ್ಲ. ಚೌಕಟ್ಟು, ಹಿಂಜ್, ಲ್ಯಾಚ್ (ಮುಚ್ಚಿದಾಗ ಚೌಕಟ್ಟಿನೊಳಗೆ ಬೀಳುವ ನಾಲಿಗೆ), ಸುತ್ತಲಿನ ಸೀಲ್, ಕ್ಲೋಸರ್ ಎಲ್ಲ ಸೇರಿಸಿ ಒಟ್ಟಿಗೆ ಕುಲುಮೆಯಲ್ಲಿ ಪರೀಕ್ಷೆ ಮಾಡಿರುತ್ತಾರೆ. ನಮ್ಮಲ್ಲಿ ಅದಕ್ಕೆ ಐಎಸ್ 3614 ಅನ್ನೋ ಭಾರತೀಯ ಮಾನದಂಡ ಇದೆ. ಪರೀಕ್ಷೆಯ ಕುಲುಮೆ ಅರ್ಧ ಗಂಟೆಗೆ 840 ಡಿಗ್ರಿ, ಒಂದು ಗಂಟೆಗೆ 945 ಡಿಗ್ರಿ ಸೆಲ್ಸಿಯಸ್ ಆಸುಪಾಸು ಮುಟ್ಟುತ್ತದೆ. ಅಲ್ಯೂಮಿನಿಯಂ ಕರಗೋದು 660ಕ್ಕೆ. ಚೆನ್ನಾಗಿ ಕಾಣುತ್ತೆ ಅಂತ ಅಲ್ಯೂಮಿನಿಯಂ ಹಿಂಜ್ ಹಾಕಿದರೆ ಬಾಗಿಲು ಉರಿಯುವ ಮೊದಲೇ ಕಳಚಿ ಬೀಳುತ್ತದೆ. ಮೂರು ಸ್ಟೀಲ್ ಹಿಂಜ್ ಇರಲಿ. ಅಂಗಡಿಯಲ್ಲಿ ಟೆಸ್ಟ್ ರಿಪೋರ್ಟ್ ಕೇಳಿ, ಅದರಲ್ಲಿರುವ ಅಳತೆ ನಿಮ್ಮ ಬಾಗಿಲಿಗಿಂತ ಚಿಕ್ಕದಲ್ಲ ತಾನೇ ಅಂತ ನೋಡಿ, ಬರೆದಿರುವ ಹಿಂಜ್ ಮತ್ತು ಲಾಕ್ ನಿಮಗೆ ಕೊಡುತ್ತಿರುವುದೇನಾ ಅಂತ ಕೇಳಿ. ಬಾಗಿಲಿನ ಅಂಚಿನಲ್ಲಿ ಒಂದು ಲೇಬಲ್ ಇರುತ್ತದೆ. ಪೇಂಟರ್ ಅದರ ಮೇಲೂ ಬ್ರಷ್ ಆಡಿಸುತ್ತಾನೆ. ಮೊದಲೇ ಹೇಳಿಡಿ.

ಸುತ್ತ ಕಾಣುವ ಪಟ್ಟಿ ಎರಡು ಥರ, ಎರಡೂ ಬೇಕು. ಒಂದು ಬಿಸಿಗೆ ಉಬ್ಬುವ ಪಟ್ಟಿ. 200 ಡಿಗ್ರಿ ಆಸುಪಾಸು ಬಂದ ಮೇಲೆ ಊದಿಕೊಂಡು ಸಂದು ಮುಚ್ಚುತ್ತದೆ. ಆದರೆ ಮೊದಲ ಕೆಲವು ನಿಮಿಷ ಬರೋದು ಇನ್ನೂ ಅಷ್ಟು ಬಿಸಿಯಾಗದ ಹೊಗೆ. ಆ ಹೊಗೆಗೇ ಜನ ಮೂರ್ಛೆ ಹೋಗೋದು. ಅದನ್ನು ತಡೆಯಲು ಬ್ರಷ್ ಅಥವಾ ರಬ್ಬರಿನ ಹೊಗೆ ಸೀಲ್ ಬೇರೆ ಇರುತ್ತದೆ. ಬಾಗಿಲಿಗೂ ಚೌಕಟ್ಟಿಗೂ ನಡುವೆ ಮೇಲೆ ಮತ್ತು ಬದಿಗಳಲ್ಲಿ 3 ಮಿಲಿಮೀಟರ್ ಸಂದು ಇರಬೇಕು, ಹೆಚ್ಚೆಂದರೆ 4. ಚೌಕಟ್ಟಿಗೂ ಗೋಡೆಗೂ ನಡುವಿನ ಜಾಗಕ್ಕೆ ಬಡಗಿ ಸಾದಾ ಪಿಯು (ಪಾಲಿಯುರೆಥೇನ್) ಫೋಮ್ ಊದಿ ಮೇಲೆ ಪಟ್ಟಿ ಹೊಡೆದುಬಿಡುತ್ತಾನೆ, ಯಾರಿಗೂ ಕಾಣುವುದಿಲ್ಲ. ಆ ಫೋಮ್ ಉರಿಯುತ್ತದೆ. ಅಲ್ಲಿ ಸಿಮೆಂಟ್ ಗಾರೆ ಹಾಕಿಸಿ, ಇಲ್ಲ ರಾಕ್‌ವೂಲ್ (ಕಲ್ಲಿನ ಎಳೆಗಳ ಉಣ್ಣೆ) ತುಂಬಿಸಿ ಬೆಂಕಿ ತಡೆಯುವ ಸೀಲಂಟ್ ಹಾಕಿಸಿ. ಕೆಲಸ ನಡೆಯುವಾಗ ಒಂದು ಗಂಟೆ ಆಫೀಸಿಗೆ ತಡವಾಗಿ ಹೋದರೂ ಪರವಾಗಿಲ್ಲ, ಇದನ್ನು ಕಣ್ಣಾರೆ ನೋಡಿ.

ಈಗ ಕ್ಲೋಸರ್. ಇಷ್ಟೆಲ್ಲ ಖರ್ಚು ಮಾಡಿ ಕೊನೆಗೆ ಎಡವೋದು ಇಲ್ಲೇ.

ಮೇಲೆ ಕೂರುವ ಎಣ್ಣೆ ತುಂಬಿದ ಹೈಡ್ರಾಲಿಕ್ ಕ್ಲೋಸರ್ ಮನೆಗೆ ಸಾಕು. ಸ್ಪ್ರಿಂಗ್ ಹಿಂಜ್ ಅಗ್ಗ, ಆದರೆ ಭಾರದ ಬಾಗಿಲನ್ನು ಧಡಾರನೆ ಹೊಡೆಯುತ್ತದೆ, ವರ್ಷ ಕಳೆದರೆ ಸಡಿಲಾಗುತ್ತದೆ. ಕ್ಲೋಸರಿಗೆ ಶಕ್ತಿಯ ಸೈಜ್ ಇರುತ್ತದೆ. ಯುರೋಪಿನ ಅಳತೆ ಪ್ರಕಾರ ಫೈರ್ ಡೋರಿಗೆ ಸೈಜ್ 3ಕ್ಕಿಂತ ಕಡಿಮೆ ಇರಬಾರದು. ಅದು 950 ಮಿಲಿಮೀಟರ್ ಅಗಲ, 60 ಕಿಲೋ ತೂಕದವರೆಗೆ. ಸೈಜ್ 4 ಅಂದರೆ 1100 ಮಿಲಿಮೀಟರ್, 80 ಕಿಲೋ. ಸಾಗುವಾನಿಯಂಥ ಭಾರದ ಬಾಗಿಲಿಗೆ ಶಕ್ತಿ ಹೊಂದಿಸಬಹುದಾದ್ದನ್ನೇ ತಗೊಳ್ಳಿ. ಒಂದು ಎಚ್ಚರ: ಅಂಗಡಿಯಲ್ಲಿ ಹೋಲ್ಡ್ ಓಪನ್ ಅಂತ ಸಿಗುತ್ತದೆ, 90 ಡಿಗ್ರಿಗೆ ತೆರೆದರೆ ಅಲ್ಲೇ ನಿಲ್ಲುತ್ತದೆ. ಸಾಮಾನು ತರುವಾಗ ಅನುಕೂಲ, ನಿಜ. ಫೈರ್ ಡೋರಿಗೆ ಮಾತ್ರ ಅದು ಬೇಡವೇ ಬೇಡ.

ಮುಂಬೈಯ ಫ್ಲ್ಯಾಟುಗಳಲ್ಲಿ ಮುಖ್ಯ ಬಾಗಿಲು ಒಳಕ್ಕೆ ತೆರೆಯುತ್ತದಲ್ವಾ? ಹಾಗಾಗಿ ಕ್ಲೋಸರಿನ ಡಬ್ಬಿ ಒಳಗಡೆ ಬಾಗಿಲಿನ ಮೇಲೆ, ತೋಳು ಚೌಕಟ್ಟಿನ ಮೇಲೆ. ಡಬ್ಬಿಯ ಜೊತೆ ಕಾಗದದ ಟೆಂಪ್ಲೇಟ್ ಬರುತ್ತದೆ. ಬಡಗಿ ಅದನ್ನು ಬಿಸಾಡಿ ಅಂದಾಜಿನಲ್ಲಿ ತೂತು ಕೊರೆಯದಂತೆ ನೋಡಿಕೊಳ್ಳಿ. ಒಂದು ಇಂಚು ಆಚೀಚೆ ಆದರೂ ಕೊನೆಯಲ್ಲಿ ಎಳೆಯುವ ಶಕ್ತಿ ಕಡಿಮೆಯಾಗುತ್ತದೆ.

ಡಬ್ಬಿಯ ಕೊನೆಯಲ್ಲಿ ಎರಡು ಪುಟ್ಟ ಸ್ಕ್ರೂ ಇರುತ್ತವೆ. ಒಂದು, ತೆರೆದ ಬಾಗಿಲು ಎಷ್ಟು ವೇಗವಾಗಿ ಬರಬೇಕು ಅನ್ನೋದಕ್ಕೆ. ಇನ್ನೊಂದು, ಕೊನೆಯ ಒಂದು ಗೇಣು ದೂರದಲ್ಲಿ ಹೇಗೆ ಎಳೆದು ಲ್ಯಾಚ್ ಬೀಳಿಸಬೇಕು ಅನ್ನೋದಕ್ಕೆ. ಬಲಕ್ಕೆ ತಿರುಗಿಸಿದರೆ ನಿಧಾನ, ಎಡಕ್ಕೆ ವೇಗ. ಒಮ್ಮೆಗೆ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸಬೇಡಿ. ಪೂರ್ತಿ ಬಿಚ್ಚಿದರೆ ಎಣ್ಣೆ ಸೋರಿ ಕ್ಲೋಸರ್ ಕೆಲಸ ಮುಗಿಯಿತು, ಮತ್ತೆ ಎಣ್ಣೆ ತುಂಬಿಸಲು ಬರುವುದಿಲ್ಲ. ಮೊದಲು ವೇಗದ ಸ್ಕ್ರೂ ಹೊಂದಿಸಿ, ಪೂರ್ತಿ ತೆರೆದ ಬಾಗಿಲು ಐದಾರು ಸೆಕೆಂಡಿನಲ್ಲಿ ಚೌಕಟ್ಟಿನ ಹತ್ತಿರ ಬರುವ ಹಾಗೆ. ಆಮೇಲೆ ಕೊನೆಯ ಎಳೆತದ ಸ್ಕ್ರೂ. ಆಗ ಲ್ಯಾಚಿನ ನಾಲಿಗೆಯನ್ನೇ ನೋಡುತ್ತಿರಿ. ಬಾಗಿಲು ಚೌಕಟ್ಟಿಗೆ ತಾಗಿ ನಿಂತರೆ ಸಾಲದು. ನಾಲಿಗೆ ಟಕ್ ಅಂತ ಒಳಗೆ ಬೀಳಬೇಕು. ಬೆಂಕಿ ಬಿದ್ದಾಗ ಗಾಳಿಯ ಒತ್ತಡ ಏರಿಳಿದು ಬಾಗಿಲನ್ನು ತಳ್ಳುತ್ತದೆ, ಎಳೆಯುತ್ತದೆ, ಲ್ಯಾಚ್ ಬೀಳದ ಬಾಗಿಲು ಆ ತಳ್ಳಾಟಕ್ಕೆ ತೆರೆದುಕೊಳ್ಳಬಹುದು.

ಪರೀಕ್ಷೆ ಹೀಗೆ ಮಾಡಿ. ಬಾಗಿಲನ್ನು ಪೂರ್ತಿ ತೆರೆದು ಬಿಡಿ. ಅರ್ಧ ತೆರೆದು ಬಿಡಿ. ಕೊನೆಗೆ ಬರೀ ನಾಲ್ಕು ಬೆರಳಷ್ಟು ತೆರೆದು ಬಿಡಿ. ಮೂರೂ ಸಲ ಲ್ಯಾಚ್ ಬೀಳಬೇಕು. ಮೂರನೆಯದರಲ್ಲಿ ಸೋಲುವ ಬಾಗಿಲುಗಳೇ ಜಾಸ್ತಿ. ಆಮೇಲೆ ಹಾಲಿನ ಕಿಟಕಿಗಳನ್ನು ತೆರೆದು, ಅಡುಗೆಮನೆಯ ಎಕ್ಸಾಸ್ಟ್ ಹಾಕಿ ಇನ್ನೊಮ್ಮೆ ನೋಡಿ. 14ನೇ ಮಹಡಿಯ ಗಾಳಿ ಬಾಗಿಲನ್ನು ಒಮ್ಮೆ ಧಡ್ ಅನಿಸುತ್ತದೆ, ಇನ್ನೊಮ್ಮೆ ಮುಚ್ಚೋಕೇ ಬಿಡುವುದಿಲ್ಲ.

ಅತ್ತೆಯವರ ವಿಚಾರಕ್ಕೆ ಬರೋಣ. ಅವರ ಭಯ ಸುಳ್ಳಲ್ಲ. ಸೈಜ್ ಜಾಸ್ತಿಯಾದಷ್ಟೂ ಬಾಗಿಲು ತೆರೆಯಲು ಬಲ ಬೇಕು, ವಾಕರ್ ಹಿಡಿದವರಿಗೆ ಒಂದು ಕೈಯಷ್ಟೇ ಬಿಡುವು. ಡಿಲೇಡ್ ಆಕ್ಷನ್ ಅನ್ನೋ ಕ್ಲೋಸರ್ ಸಿಗುತ್ತದೆ. ತೆರೆದ ಬಾಗಿಲು ಸ್ವಲ್ಪ ಹೊತ್ತು ನಿಧಾನವಾಗಿದ್ದು, ಅವರು ದಾಟಿದ ಮೇಲೆ ಮುಚ್ಚಿಕೊಳ್ಳುತ್ತದೆ. ಬೆಲೆ ಸ್ವಲ್ಪ ಜಾಸ್ತಿ, ಆದರೆ ನಿಮ್ಮ ಮನೆಗೆ ಅದೇ ಸರಿ. ಇನ್ನೂ ಮೇಲಿನದು ಫ್ರೀ ಸ್ವಿಂಗ್: ಮಾಮೂಲಿ ದಿನಗಳಲ್ಲಿ ಬಾಗಿಲು ಸಾದಾ ಬಾಗಿಲಿನಂತೆ ಆಡುತ್ತದೆ, ಹೊಗೆಯ ಅಲಾರಂ ಹೊಡೆದಾಗ ಅಥವಾ ಕರೆಂಟ್ ಹೋದಾಗ ಮಾತ್ರ ಮುಚ್ಚುತ್ತದೆ. ಅದಕ್ಕೆ ವೈರಿಂಗ್, ಅಲಾರಂ ಎಲ್ಲ ಬೇಕು. ಮುಖ್ಯ ಬಾಗಿಲಿಗೆ ಅಷ್ಟು ಬೇಡ ಅಂತ ನನ್ನ ಅಭಿಪ್ರಾಯ.

ಹೊರಗೆ ಸಿಕ್ಕಿಕೊಳ್ಳುವ ಭಯಕ್ಕೆ ಕಾರಣ ಕ್ಲೋಸರ್ ಅಲ್ಲ, ನೈಟ್ ಲ್ಯಾಚ್. ಎಳೆದರೆ ಸಾಕು, ಲಾಕ್. ಅದನ್ನು ತೆಗೆಸಿ ಎರಡೂ ಕಡೆ ಹಿಡಿಯಿರುವ ಮಾರ್ಟಿಸ್ ಲಾಕ್ (ಬಾಗಿಲಿನ ದಪ್ಪದೊಳಗೆ ಕೂರುವ ಲಾಕ್) ಹಾಕಿಸಿ. ಬಾಗಿಲು ಮುಚ್ಚಿದಾಗ ಲ್ಯಾಚ್ ಬೀಳುತ್ತದೆ, ಹೊರಗಿಂದ ಹಿಡಿ ಒತ್ತಿದರೆ ತೆರೆಯುತ್ತದೆ, ಕೀಲಿ ತಿರುಗಿಸಿದಾಗ ಮಾತ್ರ ಲಾಕ್. ಕಸದ ಬುಟ್ಟಿ ಇಟ್ಟು ನೆಮ್ಮದಿಯಾಗಿ ವಾಪಸ್ ಬನ್ನಿ. ಆದರೆ ಒಳಗಿಂದ ತೆರೆಯಲೂ ಕೀಲಿ ಬೇಕಾಗುವ ಲಾಕ್ ಬೇಡ, ಕೈಯಲ್ಲೇ ತಿರುಗಿಸುವ ಗುಬುಟು ಇರಲಿ. ರಾತ್ರಿ ಮೂರು ಗಂಟೆಗೆ ಹೊಗೆಯಲ್ಲಿ ಕೀಲಿ ಹುಡುಕೋಕೆ ಆಗುತ್ತಾ? ಡಿಜಿಟಲ್ ಲಾಕ್ ಬೇಕೇಬೇಕು ಅನ್ನುವವರು ಬಾಗಿಲಿನ ಕಂಪನಿಯನ್ನೇ ಕೇಳಿ ಹಾಕಿಸಲಿ. ದೊಡ್ಡ ತೂತು ಕೊರೆದರೆ ಆ ಜಾಗದಲ್ಲಿ ಬಾಗಿಲಿನ ಬೆಂಕಿ ತಡೆಯುವ ರೇಟಿಂಗ್ ಹೋಯಿತು ಅಂತಲೇ ಲೆಕ್ಕ.

ಹೊರಗಿನ ಸೇಫ್ಟಿ ಡೋರಿಗೆ ಕ್ಲೋಸರ್ ಬೇಕಿಲ್ಲ. ಜಾಲರಿಯ ಬಾಗಿಲು ಹೊಗೆ ತಡೆಯುವುದಿಲ್ಲವಲ್ಲ. ಆದರೆ ಒಳಗಿನಿಂದ ಬೀಗ ಹಾಕುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಎರಡು ಬಾಗಿಲು, ನಾಲ್ಕು ಚಿಲಕ, ಒಂದು ಸರಪಳಿ, ಎಲ್ಲ ತೆಗೆದು ಹೊರಬರಲು ಅತ್ತೆಯವರಿಗೆ ಎಷ್ಟು ಹೊತ್ತು ಬೇಕು ಅಂತ ಒಮ್ಮೆ ದೀಪ ಆರಿಸಿ ನೋಡಿ. ಬೇಡದ ಚಿಲಕಗಳು ಯಾವುವು ಅಂತ ಆಗ ಗೊತ್ತಾಗುತ್ತದೆ.

ನಮ್ಮ ಮನೆಗಳಿಗೇ ಸೇರಿದ ಎರಡು ಸಂಗತಿ ಇದೆ. ಹೊಸ್ತಿಲು ಇದ್ದರೆ ಒಳ್ಳೆಯದೇ, ಕೆಳಗಿನ ಸಂದಿಯನ್ನು ಅದು ಮುಚ್ಚುತ್ತದೆ. ನಿಮ್ಮಲ್ಲಿ ವಾಕರ್ ಇರುವುದರಿಂದ ಎತ್ತರದ ಹೊಸ್ತಿಲು ಬೇಡ. ಬಾಗಿಲು ಮುಚ್ಚಿದಾಗ ತಾನಾಗಿ ಕೆಳಗಿಳಿಯುವ ಡ್ರಾಪ್ ಸೀಲ್ ಹಾಕಿಸಿ, ತೆಳ್ಳಗಿನ ಒಂದು ಕಲ್ಲಿನ ಪಟ್ಟಿ ಸಾಕು, ರಂಗೋಲಿಗೂ ಅರಿಶಿನ ಕುಂಕುಮಕ್ಕೂ ಅಷ್ಟೇ ಜಾಗ ಬೇಕಾಗಿರುವುದು. ಎರಡನೆಯದು ತೋರಣ. ಮಾವಿನೆಲೆಯ ದಾರ, ಜರಿಯ ತೋರಣದ ಅಂಚು ಬಾಗಿಲಿಗೂ ಚೌಕಟ್ಟಿಗೂ ನಡುವೆ ಸಿಕ್ಕಿಕೊಂಡರೆ ಲ್ಯಾಚ್ ಬೀಳುವುದಿಲ್ಲ. ಮೊಳೆಯನ್ನು ಚೌಕಟ್ಟಿನ ಮುಖಕ್ಕೆ, ಸೇಫ್ಟಿ ಡೋರಿನ ಕಡೆಗೆ ಹೊಡೆಸಿ.

ಮಳೆಗಾಲದ ಬಗ್ಗೆ ಹೇಳದಿದ್ದರೆ ಮುಂಬೈಯಲ್ಲಿ ಉತ್ತರ ಪೂರ್ತಿಯಾಗುವುದಿಲ್ಲ. ಜೂನ್ ಕೊನೆಗೆ ಮರ ಉಬ್ಬುತ್ತದೆ, ಬಾಗಿಲು ಬಿಗಿಯಾಗುತ್ತದೆ, ಕ್ಲೋಸರ್ ಎಳೆದರೂ ಅರ್ಧ ಇಂಚು ಮೊದಲೇ ನಿಲ್ಲುತ್ತದೆ. ಬಡಗಿಯನ್ನು ಕರೆದು ಉಜ್ಜಿಸುತ್ತೀರಿ. ಡಿಸೆಂಬರಿಗೆ ಮರ ಕುಗ್ಗಿದಾಗ ಸಂದು 6 ಮಿಲಿಮೀಟರ್. ಸೀಲ್ ಇರುವ ಅಂಚನ್ನಂತೂ ಉಜ್ಜಿಸಲೇಬಾರದು. ಬಾಗಿಲಿನ ಮೇಲಿನ ಅಂಚು, ಕೆಳಗಿನ ಅಂಚು ಎರಡಕ್ಕೂ ಪಾಲಿಶ್ ಅಥವಾ ಪೇಂಟ್ ಆಗಿದೆಯಾ ನೋಡಿ. ಕಣ್ಣಿಗೆ ಕಾಣದ ಜಾಗ ಅಂತ ಅಲ್ಲಿ ಬಿಟ್ಟಿರುತ್ತಾರೆ, ತೇವ ಒಳಗೆ ಹೋಗೋದು ಅಲ್ಲಿಂದಲೇ.

ಅಡುಗೆಮನೆ. ಎನ್‌ಒಸಿಯಲ್ಲಿ ಅಡುಗೆಮನೆಯ ಬಾಗಿಲು ಬರೆದಿದ್ದರೆ ನೀವು ತೆಗೆಸಿದ್ದು ನಿಯಮಕ್ಕೆ ವಿರುದ್ಧ, ವಾಪಸ್ ಹಾಕಿಸಬೇಕು. ಓಪನ್ ಕಿಚನ್ ಚೆಂದ, ಒಪ್ಪುತ್ತೇನೆ. ಆದರೆ ಮನೆಯಲ್ಲಿ ಬೆಂಕಿ ಹತ್ತುವ ಸಾಧ್ಯತೆ ಇರುವ ಜಾಗಗಳಲ್ಲಿ ಅದು ಮುಂದೆ ನಿಲ್ಲುತ್ತದೆ, ನಿಮ್ಮ ಮಲಗುವ ಕೋಣೆಯಿಂದ ಮುಖ್ಯ ಬಾಗಿಲಿಗೆ ಬರುವ ದಾರಿ ಬಹುಶಃ ಅದರ ಎದುರೇ ಹಾದುಹೋಗುತ್ತದೆ. ಬಾಗಿಲು ಹಾಕಿಸುವಾಗ ಗ್ಯಾಸಿನ ಗಾಳಿಕಿಂಡಿ ಮುಚ್ಚಬೇಡಿ. ಪೈಪಿನಲ್ಲಿ ಬರುವ ಪಿಎನ್‌ಜಿ ಗಾಳಿಗಿಂತ ಹಗುರ, ಸೋರಿದರೆ ಮೇಲಕ್ಕೆ ಹೋಗುತ್ತದೆ, ಹಾಗಾಗಿ ಮೇಲಿನ ಕಿಂಡಿ ಯಾವಾಗಲೂ ತೆರೆದಿರಬೇಕು. ಸಿಲಿಂಡರಿನ ಎಲ್‌ಪಿಜಿ ಭಾರ, ನೆಲದ ಮೇಲೆ ಹರಡುತ್ತದೆ, ಅದಕ್ಕೆ ಕೆಳಗೆ ಗಾಳಿ ಬೇಕು. ಈ ಕಿಂಡಿಗಳು ಹೊರಗೋಡೆಯಲ್ಲಿರಲಿ, ಬಾಗಿಲಿನಲ್ಲಿ ಬೇಡ.

ಇನ್ನು ಮೆಟ್ಟಿಲಿನ ಬಾಗಿಲು. ಸೊಸೈಟಿಯ ದುಡ್ಡು ಮೊದಲು ಹೋಗಬೇಕಾದ್ದು ಇಲ್ಲಿಗೆ, ಇದನ್ನು ಕಮಿಟಿಯಲ್ಲಿ ಒತ್ತಿ ಹೇಳಿ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ 15 ಮೀಟರ್ ಮತ್ತು ಅದಕ್ಕಿಂತ ಎತ್ತರದ ಕಟ್ಟಡವನ್ನು ಹೈರೈಸ್ ಅನ್ನುತ್ತದೆ, ಪಾರಾಗುವ ದಾರಿಯ ಬಾಗಿಲುಗಳಿಗೆ 120 ನಿಮಿಷದ ತಡೆ ಕೇಳುತ್ತದೆ. ನಿಮ್ಮಲ್ಲಿ ಬಹುಶಃ ಬಾಗಿಲುಗಳು ಇವೆ. ಅವನ್ನು ಇಟ್ಟಿಗೆ ಇಟ್ಟೋ, ಸೆಣಬಿನ ದಾರ ಕಟ್ಟಿಯೋ ತೆರೆದಿಟ್ಟಿದ್ದಾರಾ ಅನ್ನೋದೇ ಪ್ರಶ್ನೆ. ಹಾಲಿನವನು, ಪೇಪರಿನವನು, ಕೆಲಸದವರು ಎಲ್ಲರಿಗೂ ಅದೇ ಅನುಕೂಲ. ತೆರೆದೇ ಇರಬೇಕು ಅಂತಾದರೆ ಅಲಾರಂ ಪ್ಯಾನೆಲಿಗೆ ಜೋಡಿಸಿದ ಮ್ಯಾಗ್ನೆಟ್ ಹೋಲ್ಡರ್ ಹಾಕಿಸಬಹುದು. ಅಲಾರಂ ಹೊಡೆದರೆ ಮ್ಯಾಗ್ನೆಟ್ ಬಿಡುತ್ತದೆ, ಬಾಗಿಲು ಮುಚ್ಚುತ್ತದೆ. ಅಷ್ಟು ಖರ್ಚು ಬೇಡ ಅನ್ನುವವರು ಇಟ್ಟಿಗೆ ತೆಗೆಸಲಿ. ಲಾಬಿಯಲ್ಲಿ ಚಪ್ಪಲಿ ಕಪಾಟು, ಸೈಕಲ್, ಕಳೆದ ಗಣಪತಿಯ ಮಂಟಪದ ಥರ್ಮಾಕೋಲ್ ಇದ್ದರೆ ಅದೂ ಹೋಗಲಿ. ಎಲೆಕ್ಟ್ರಿಕ್ ಡಕ್ಟಿನ ಬಾಗಿಲೂ ಮುಚ್ಚಿರಬೇಕು. ಅದರೊಳಗೆ ಪೊರಕೆ, ಬಕೆಟ್ ಇಡುವುದು ನಿಲ್ಲಬೇಕು.

ಕಾಗದದ ಕೆಲಸ ಕೊನೆಯದು. ಮಹಾರಾಷ್ಟ್ರದಲ್ಲಿ 2006ರ ಅಗ್ನಿ ತಡೆ ಮತ್ತು ಜೀವರಕ್ಷಣಾ ಕಾಯ್ದೆ ಪ್ರಕಾರ ಈ ವ್ಯವಸ್ಥೆಗಳನ್ನು ಸುಸ್ಥಿತಿಯಲ್ಲಿಡುವುದು ಕಟ್ಟಡದ ಮಾಲೀಕರ, ವಾಸವಿರುವವರ ಹೊಣೆ. ಲೈಸೆನ್ಸ್ ಇರುವ ಏಜೆನ್ಸಿಯಿಂದ ಜನವರಿಯಲ್ಲೊಮ್ಮೆ, ಜುಲೈಯಲ್ಲೊಮ್ಮೆ ಫಾರ್ಮ್ ಬಿ (ವ್ಯವಸ್ಥೆಗಳು ಸುಸ್ಥಿತಿಯಲ್ಲಿವೆ ಅನ್ನೋ ಪ್ರಮಾಣಪತ್ರ) ಪಡೆದು ಸಲ್ಲಿಸಬೇಕು. ಏಜೆನ್ಸಿಯವರು ಪಂಪ್, ಹೋಸ್ ರೀಲ್, ಬೆಂಕಿ ಆರಿಸುವ ಸಿಲಿಂಡರ್ ನೋಡಿ ಸಹಿ ಹಾಕಿ ಹೊರಟುಬಿಡುವುದುಂಟು. ಈ ಸಲ ಬಾಗಿಲುಗಳ ಪಟ್ಟಿಯನ್ನು ಮಹಡಿವಾರು ಕೇಳಿ: ಬಾಗಿಲು ತಾನಾಗಿ ಮುಚ್ಚಿತಾ, ಲ್ಯಾಚ್ ಬಿತ್ತಾ, ಸಂದು ಎಷ್ಟು, ಸೀಲ್ ಇದೆಯಾ. ನಿಮ್ಮ ಫ್ಲ್ಯಾಟಿನ ಬಾಗಿಲು ಬದಲಿಸುವ ಮುಂಚೆ ಸೊಸೈಟಿಯಿಂದ ಬರಹದಲ್ಲಿ ಒಪ್ಪಿಗೆ ತಗೊಳ್ಳಿ, ಬಾಗಿಲಿನ ಟೆಸ್ಟ್ ರಿಪೋರ್ಟ್ ಮತ್ತು ಬಿಲ್ಲಿನ ಒಂದೊಂದು ನಕಲನ್ನು ಸೆಕ್ರೆಟರಿಗೆ ಕೊಟ್ಟಿಡಿ. ಜುಲೈಯ ಪರೀಕ್ಷೆ ಮಳೆಯಲ್ಲಿ ಬರುವುದು ಒಂದು ರೀತಿಯಲ್ಲಿ ಒಳ್ಳೆಯದೇ, ಉಬ್ಬಿದ ಬಾಗಿಲುಗಳು ಆಗಲೇ ಸಿಕ್ಕಿಬೀಳುತ್ತವೆ.